ಮನೆಯ ಯಂತ್ರ: ಚೀಟಿ ಹೇಳುವುದೊಂದು, ಪಟ್ಟಿ ಹೇಳುವುದೊಂದು



ವಿಠ್ಠಲವಾಡಿಯಿಂದ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಕಾಗದ ಬರೆದಿದ್ದಾರೆ. ಅದರ ಸಾರಾಂಶ ಇಷ್ಟು: “ಮಗ ಡಿಪ್ಲೊಮಾ ಓದುತ್ತಿದ್ದಾನೆ. ಮನೆಯ ಕಂಪ್ಯೂಟರಿಗೆ ಎಲ್ಲಿಂದಲೋ ಅಗ್ಗದ ರ‍್ಯಾಮ್ ತಂದು ಹಾಕಿದ್ದಾನೆ. ಈಗ ಅದನ್ನು ಓವರ್‌ಕ್ಲಾಕ್ ಮಾಡುತ್ತೇನೆ, ಕಾಸು ಖರ್ಚಿಲ್ಲದೆ ವೇಗ ಬರುತ್ತದೆ ಅನ್ನುತ್ತಾನೆ. ಅದೇ ಕಂಪ್ಯೂಟರಿನಲ್ಲಿ ನನ್ನ ಲೆಕ್ಕಪತ್ರಗಳೂ, ಊರಿನ ಜಮೀನಿನ ಕಾಗದಗಳ ಪ್ರತಿಗಳೂ, ತೀರಿಕೊಂಡ ನಮ್ಮ ತಾಯಿಯವರ ಫೋಟೋಗಳೂ ಇವೆ. ಹೂಂ ಅನ್ನಲೇ, ಬೇಡ ಅನ್ನಲೇ? ನೀವೇ ಹೇಳಿ.”

ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಇದೇ ಪ್ರಶ್ನೆ ಈಗ ಹಲವು ಮನೆಗಳಲ್ಲಿ ಎದ್ದಿರಬೇಕು. ೨೦೨೫ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್‌ನ ಬೆಲೆ ಬಲವಾಗಿ ಏರಿತು. ಕೃತಕ ಬುದ್ಧಿಯ ದೊಡ್ಡ ದೊಡ್ಡ ಗಣಕಾಗಾರಗಳಿಗೆ ಬೇಕಾದ ಮೆಮೊರಿ ಮಾಡುವುದರಲ್ಲೇ ಕಾರ್ಖಾನೆಗಳಿಗೆ ಲಾಭ ಹೆಚ್ಚು. ಅಮೆರಿಕದ ಮೈಕ್ರಾನ್ ಕಂಪನಿಯಂತೂ ಕ್ರೂಷಿಯಲ್ ಹೆಸರಿನಲ್ಲಿ ನಮ್ಮಂಥ ಮನೆಯವರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ಬಿಡುವುದಾಗಿ ೨೦೨೫ರ ಡಿಸೆಂಬರಿನಲ್ಲಿ ಸಾರಿತು. ಹೊಸದು ದುಬಾರಿಯಾದರೆ ಹಳೆಯದಕ್ಕೂ ಹೆಸರಿಲ್ಲದ್ದಕ್ಕೂ ಗಿರಾಕಿ ಹುಟ್ಟುತ್ತಾರೆ. ಆದಕಾರಣ ಈ ಸಲದ ಅಂಕಣವನ್ನೆಲ್ಲ ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ನಮ್ಮ ಉಲ್ಹಾಸನಗರದಲ್ಲಿ ಬಾಳುವವರಿಗೆ ಚೀಟಿಯ ಕಥೆಯನ್ನು ಬೇರೆ ಹೇಳಬೇಕಾಗಿಲ್ಲ. ಎರಡನೆಯ ಮಹಾಯುದ್ಧದ ಕಾಲದ ಸೈನಿಕ ಶಿಬಿರ, ದೇಶ ವಿಭಜನೆಯ ಬಳಿಕ ಸಿಂಧಿನಿಂದ ಬರಿಗೈಯಲ್ಲಿ ಬಂದವರಿಗೆ ನೆಲೆಯಾಯಿತು. ೧೯೪೯ರ ಆಗಸ್ಟ್ ೮ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಇಲ್ಲಿ ಅಡಿಗಲ್ಲಿಟ್ಟು, ಪಕ್ಕದ ಉಲ್ಹಾಸ ನದಿಯ ಹೆಸರಿನಲ್ಲಿ ಊರಿಗೆ ನಾಮಕರಣ ಮಾಡಿದರು. ಬ್ಯಾರಕ್ಕುಗಳಲ್ಲಿ ಕೂತು ದುಡಿದು ಊರು ಕಟ್ಟಿದ ಜನ ಅವರು. ಆದರೂ ‘ಯು.ಎಸ್.ಎ.ಯಲ್ಲಿ ತಯಾರಿಸಿದ್ದು’ ಎಂದರೆ ‘ಉಲ್ಹಾಸನಗರ ಸಿಂಧಿ ಅಸೋಸಿಯೇಷನ್’ ಎಂಬ ಹಳೆಯ ಹಾಸ್ಯವನ್ನು ಲೋಕಲ್ ಗಾಡಿಯಲ್ಲಿ ಕೇಳದವರಿಲ್ಲ. ಹಾಸ್ಯಕ್ಕೆ ನಗೋಣ. ಅದರೊಳಗಿನ ಅನ್ಯಾಯವನ್ನೂ ಮರೆಯದಿರೋಣ. ನಮ್ಮವರಿಗೂ ಈ ಮಹಾನಗರದಲ್ಲಿ ‘ಮದ್ರಾಸಿ’ ಎಂದು ಚೀಟಿ ಹಚ್ಚಿದವರುಂಟಷ್ಟೆ. ಧಾರವಾಡವೋ ಉಡುಪಿಯೋ ಎಂದು ಕೇಳುವ ತಾಳ್ಮೆ ಅವರಿಗಿರಲಿಲ್ಲ. ಚೀಟಿ ನೋಡಿ ಮನುಷ್ಯನನ್ನು ಅಳೆಯಬಾರದು. ರ‍್ಯಾಮ್ ಪಟ್ಟಿಯನ್ನೂ ಅಳೆಯಬಾರದು. ಇಂದು ನಾನು ಹೇಳಬೇಕೆಂದಿರುವ ಮಾತಿನ ತಿರುಳು ಇದೇ.

ರ‍್ಯಾಮ್ ಎಂದರೇನು?

ಡಿಸ್ಕು ಮನೆಯ ಕಪಾಟಿದ್ದಂತೆ. ಇಟ್ಟದ್ದು ಇಟ್ಟ ಹಾಗೇ ಇರುತ್ತದೆ. ರ‍್ಯಾಮ್ ಅಡುಗೆಮನೆಯ ಕಟ್ಟೆಯಿದ್ದಂತೆ. ಕೆಲಸ ನಡೆಯುವಷ್ಟು ಹೊತ್ತು ಸಾಮಾನು ಅಲ್ಲಿರುತ್ತದೆ, ಕರೆಂಟು ಹೋದರೆ ಎಲ್ಲವೂ ಖಾಲಿ. ಕಪಾಟಿಗೆ ಹೋಗುವ ಪ್ರತಿಯೊಂದು ಸಾಮಾನೂ ಈ ಕಟ್ಟೆಯ ಮೇಲಿಂದಲೇ ಹೋಗಬೇಕು ಎಂಬುದನ್ನು ಮಾತ್ರ ನೆನಪಿಡಿ. ಮುಂದೆ ಇದರ ಪ್ರಯೋಜನ ಬೀಳುತ್ತದೆ.

ರ‍್ಯಾಮ್‌ನ ಒಂದೊಂದು ಕಣವೂ ಸೋರುವ ಸಣ್ಣ ಬಿಂದಿಗೆ. ವಿದ್ಯುತ್ತು ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. ಐ.ಬಿ.ಎಂ. ಕಂಪನಿಯ ರಾಬರ್ಟ್ ಡೆನಾರ್ಡ್ ಎಂಬವರು ಒಂದೇ ಟ್ರಾನ್ಸಿಸ್ಟರಿನ ಈ ಉಪಾಯಕ್ಕೆ ೧೯೬೮ರಲ್ಲಿ ಪೇಟೆಂಟ್ ಪಡೆದರು. ಬಿಂದಿಗೆ ಸೋರುವುದರಿಂದ ಯಂತ್ರವು ಡಿಡಿಆರ್೪ ಪೀಳಿಗೆಯಲ್ಲಿ ಎಲ್ಲ ಸಾಲುಗಳನ್ನೂ ೬೪ ಮಿಲಿಸೆಕೆಂಡಿಗೊಮ್ಮೆ ಓದಿ ಮತ್ತೆ ತುಂಬುತ್ತದೆ. ಸೆಕೆ ಏರಿದಷ್ಟೂ ಸೋರುವುದು ಹೆಚ್ಚು. ಚಿಪ್ಪಿನ ಶಾಖ ೮೫ ಡಿಗ್ರಿ ದಾಟಿದರೆ ಎರಡರಷ್ಟು ಸಲ ತುಂಬಬೇಕೆಂದು ನಿಯಮವೇ ಇದೆ. ಓವರ್‌ಕ್ಲಾಕ್ ಎಂದರೆ ಈ ತುಂಬುವ, ಮೊಗೆಯುವ ಕೆಲಸವನ್ನು ತಯಾರಕರು ಒಪ್ಪಿಕೊಂಡದ್ದಕ್ಕಿಂತ ಅವಸರದಲ್ಲಿ ಮಾಡಿಸುವುದು. ಅವಸರದಲ್ಲಿ ಮೊಗೆದರೆ ಕೆಲವು ಸಲ ಚೆಲ್ಲುತ್ತದೆ.

ಮೊದಲು ಇದ್ದ ವೇಗವನ್ನು ಪಡೆಯಿರಿ

ಎಷ್ಟೋ ಮನೆಗಳಲ್ಲಿ ರ‍್ಯಾಮ್ ತನ್ನ ಸ್ವಂತ ವೇಗದಲ್ಲೇ ಓಡುತ್ತಿರುವುದಿಲ್ಲ! ಈಗಲೂ ಬಹಳ ಮನೆಗಳಲ್ಲಿರುವ ಡಿಡಿಆರ್೪ ಪೀಳಿಗೆಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಪೆಟ್ಟಿಗೆಯ ಮೇಲೆ ೩೨೦೦ ಎಂದಿರುತ್ತದೆ; ಬೋರ್ಡು ಅದನ್ನು ೨೧೩೩ಕ್ಕೋ ೨೪೦೦ಕ್ಕೋ ನಿಲ್ಲಿಸಿರುತ್ತದೆ. ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ‘ಮೆಮೊರಿ’ ಎಂಬಲ್ಲಿ ಒತ್ತಿದರೆ ಓಡುತ್ತಿರುವ ವೇಗ ಕಾಣುತ್ತದೆ. ಸಿಪಿಯು-ಜಡ್ ಎಂಬ ಉಚಿತ ಸಾಧನದಲ್ಲಿ ನೋಡಿದರೆ ೩೨೦೦ರ ಪಟ್ಟಿಗೆ ಸುಮಾರು ೧೬೦೦ ಎಂದು ಬರುತ್ತದೆ. ಅಂಗಡಿಯವನು ಮೋಸ ಮಾಡಿದ ಎಂದು ಹೌಹಾರಬೇಡಿ. ಅದು ಗಡಿಯಾರದ ಬಡಿತ. ಒಂದು ಬಡಿತಕ್ಕೆ ಎರಡು ಸಲ ಮಾಹಿತಿ ಸಾಗುತ್ತದೆ, ಆದಕಾರಣ ಎರಡರಿಂದ ಗುಣಿಸಬೇಕು.

ಎರಡನೆಯದಾಗಿ, ಒಂದು ೧೬ ಜಿಬಿ ಪಟ್ಟಿಗಿಂತ ಎರಡು ೮ ಜಿಬಿ ಪಟ್ಟಿಗಳು ಮೇಲು. ೨೬೬೬ರ ಒಂಟಿ ಪಟ್ಟಿ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು ೨೧ ಜಿಬಿ ಸಾಗಿಸೀತು. ಜೋಡಿ ಪಟ್ಟಿಗಳನ್ನು ಬೋರ್ಡಿನ ಪುಸ್ತಕ ಹೇಳಿದ ತೂತುಗಳಲ್ಲಿ ಕೂರಿಸಿದರೆ ಸುಮಾರು ೪೨ ಆಯಿತು. ಯಾವ ಓವರ್‌ಕ್ಲಾಕೂ ಇಷ್ಟು ಕೊಡಲಾರದು. ಜೋಡಿ ಮಾತ್ರ ಸಮನಾಗಿರಬೇಕು. ಬೇರೆ ಬೇರೆ ಜಾತಿಯ ಪಟ್ಟಿಗಳನ್ನು ಕಟ್ಟಿದರೆ ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಇಬ್ಬರೂ ನಿಧಾನದವನ ನಡಿಗೆಯಲ್ಲೇ ನಡೆಯಬೇಕು.

ಪಟ್ಟಿಯ ಗುರುತು ಹಿಡಿಯುವ ಬಗೆ

ಗ್ರಾಂಟ್ ರೋಡಿನ ಬಳಿಯ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಬನ್ನಿ. ಬೆಂಗಳೂರಿಗೆ ರಜೆಗೆ ಹೋದವರು ಎಸ್.ಪಿ. ರೋಡಿನಲ್ಲಿ ಸುತ್ತಿ ಬನ್ನಿ. ಪಟ್ಟಿಗಳ ಹೆಸರುಗಳು ನೂರಾರು. ಆದರೆ ಒಳಗಿನ ಚಿಪ್ಪುಗಳನ್ನು ಮಾಡುವವರು ಕೈಬೆರಳಲ್ಲಿ ಎಣಿಸುವಷ್ಟು ಜನ: ಕೊರಿಯಾದ ಸ್ಯಾಮ್ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್ ಮುಖ್ಯರಾದವರು; ತೈವಾನಿನ ನಾನ್ಯ, ಚೀನದ ಸಿಎಕ್ಸ್‌ಎಂಟಿ ಮುಂತಾದವರು ಉಳಿದವರು. ಉಳಿದ ಹೆಸರುಗಳಲ್ಲಿ ಹೆಚ್ಚಿನವು ಆ ಚಿಪ್ಪುಗಳನ್ನು ಕೊಂಡು, ಪಟ್ಟಿಗೆ ಕೂರಿಸಿ, ಮೇಲೆ ಚೀಟಿ ಹಚ್ಚುವವರದು. ಅದರಲ್ಲಿ ತಪ್ಪೇನಿಲ್ಲ, ಒಳಗೇನಿದೆ ಎಂದು ಕೊಳ್ಳುವವರಿಗೆ ಗೊತ್ತಿರಬೇಕು, ಅಷ್ಟೆ.

ಗುರುತು ಹಿಡಿಯಲು ಮೂರು ಸಾಕ್ಷಿಗಳಿವೆ.

ಮೊದಲನೆಯ ಸಾಕ್ಷಿ ಚೀಟಿ. ‘೮ ಜಿಬಿ, ೧ಆರ್×೮, ಪಿಸಿ೪-೨೬೬೬ವಿ’ ಎಂದಿದ್ದರೆ ಅದು ಡಿಡಿಆರ್೪ ಪೀಳಿಗೆಯ, ೨೬೬೬ ವೇಗದ, ಒಂದು ಸಾಲಿನ ಪಟ್ಟಿ. ‘×೮’ ಎಂದರೆ ಒಂದೊಂದು ಚಿಪ್ಪು ಒಂದು ಸಲಕ್ಕೆ ೮ ಬಿಟ್ ಕೊಡುತ್ತದೆ. ಒಟ್ಟು ೬೪ ಬಿಟ್ ಬೇಕಾದ್ದರಿಂದ ೮ ಚಿಪ್ಪುಗಳಿರಬೇಕು. ಎಣಿಸಿ ನೋಡಿ! ನಾಲ್ಕೇ ಚಿಪ್ಪುಗಳಿದ್ದರೆ ಅದು ‘×೧೬’ ಜಾತಿಯದು. ಅಗ್ಗದ ಪಟ್ಟಿಗಳಲ್ಲಿ ಇದು ಸಾಮಾನ್ಯ. ಕೆಲಸ ಮಾಡುತ್ತದೆ, ಆದರೆ ಒಳಗಿನ ವಿಭಾಗಗಳು ಅರ್ಧವಾದ್ದರಿಂದ ಸ್ವಲ್ಪ ಮಂದ. ಚೀಟಿ ಒಂದು ಹೇಳಿ ಎಣಿಕೆ ಇನ್ನೊಂದು ಹೇಳಿದರೆ ಪಟ್ಟಿಯನ್ನು ಅಲ್ಲೇ ಹಿಂದಿರುಗಿಸಿ.

ಎರಡನೆಯ ಸಾಕ್ಷಿ ಪಟ್ಟಿಯ ಮೇಲಿರುವ ಎಸ್‌ಪಿಡಿ ಎಂಬ ಪುಟ್ಟ ಚಿಪ್ಪು. ಪಟ್ಟಿಯ ಜಾತಕವೆಲ್ಲ ಅದರಲ್ಲಿರುತ್ತದೆ: ಗಾತ್ರ, ವೇಗ, ತಯಾರಕರು, ಕೆಲವು ಸಲ ತಯಾರಾದ ವರ್ಷ ಮತ್ತು ವಾರ. ಸಿಪಿಯು-ಜಡ್‌ನ ‘ಎಸ್‌ಪಿಡಿ’ ಪುಟದಲ್ಲಿ ಇದನ್ನು ಓದಬಹುದು. ಥೈಫೂನ್ ಬರ್ನರ್ ಎಂಬ ಸಾಧನ ಇನ್ನೂ ವಿವರವಾಗಿ ತೋರಿಸುತ್ತದೆ. ಆದರೆ ಜಾತಕವನ್ನು ತಿದ್ದಬಹುದು ಎಂಬುದು ಮದುವೆ ಮಾಡಿಸಿದವರಿಗೆಲ್ಲ ತಿಳಿದ ವಿಷಯ. ಎಸ್‌ಪಿಡಿಯನ್ನೂ ತಿದ್ದಿ ಬರೆಯಬಹುದು. ಥೈಫೂನ್ ಬರ್ನರಿನಂಥ ಸಾಧನಗಳಲ್ಲಿ ಓದುವುದನ್ನು ಬಿಟ್ಟು ಬರೆಯುವ ಗುಂಡಿಯನ್ನು ನೀವು ಮಾತ್ರ ಎಂದಿಗೂ ಮುಟ್ಟಕೂಡದು.

ಮೂರನೆಯ ಸಾಕ್ಷಿ ಚಿಪ್ಪಿನ ಮೈಮೇಲಿನ ಅಕ್ಷರ. ಸ್ಯಾಮ್ಸಂಗಿನ ‘ಕೆ೪ಎ೮ಜಿ೦೮೫ಡಬ್ಲ್ಯೂಬಿ’ ಎಂಬುದನ್ನು ನೋಡಿ. ‘ಕೆ೪ಎ’ ಎಂದರೆ ಡಿಡಿಆರ್೪, ‘೮ಜಿ’ ಎಂದರೆ ೮ ಗಿಗಾಬಿಟ್, ‘೦೮’ ಎಂದರೆ ×೮. ಕೊನೆಯ ‘ಬಿ’ ಅದರ ಆವೃತ್ತಿ; ಓವರ್‌ಕ್ಲಾಕ್ ಮಾಡುವವರು ಮುತ್ತಿನಂತೆ ಹುಡುಕುವ ‘ಬಿ-ಡೈ’ ಎಂಬುದು ಇದೇ. ಹೈನಿಕ್ಸಿನಲ್ಲಿ ‘ಸಿಜೆಆರ್’, ‘ಡಿಜೆಆರ್’ ಎಂದು ಕೊನೆಯಾಗುವವು ಒಳ್ಳೆಯವು. ಮೈಕ್ರಾನ್ ಚಿಪ್ಪಿನ ಮೇಲೆ ‘ಡಿ೯’ರಿಂದ ಮೊದಲಾಗುವ ಐದಕ್ಷರದ ಗುಪ್ತನಾಮವಿರುತ್ತದೆ, ಅದನ್ನು ಬಿಡಿಸಿ ಹೇಳುವ ಏರ್ಪಾಡು ಕಂಪನಿಯದೇ ಉಂಟು. ಕೋರ್ಸೇರ್ ಚೀಟಿಯಲ್ಲಿ ಆವೃತ್ತಿಯ ಸಂಖ್ಯೆ ೩ರಿಂದ ಮೊದಲಾದರೆ ಮೈಕ್ರಾನ್, ೪ರಿಂದಾದರೆ ಸ್ಯಾಮ್ಸಂಗ್, ೫ರಿಂದಾದರೆ ಹೈನಿಕ್ಸ್. ಚಿಪ್ಪಿನ ಮೇಲೆ ಅಲ್ಯುಮಿನಿಯಂ ಹೊದಿಕೆ ಇದ್ದರೆ ಅದನ್ನು ಚಾಕು ಹಾಕಿ ಎಬ್ಬಿಸಬೇಡಿ. ಅಂಟಿನೊಡನೆ ಚಿಪ್ಪೂ ಎದ್ದುಬಂದೀತು.

ಈ ಮೂರೂ ಒಂದೇ ಮಾತು ಹೇಳಿದರೆ ಪಟ್ಟಿಯನ್ನು ನಂಬಬಹುದು. ಒಂದಕ್ಕೊಂದು ತಾಳೆಯಾಗದಿದ್ದರೆ ಓವರ್‌ಕ್ಲಾಕಿನ ಮಾತೇ ಬೇಡ.

ನನ್ನ ಕೈ ಸುಟ್ಟ ಕಥೆ

ಇಷ್ಟೆಲ್ಲ ಬುದ್ಧಿ ಹೇಳುವವನು ತಾನೇ ಮೋಸ ಹೋಗಿದ್ದಾನೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯಿಂದ ಜೋಡಿ ಪಟ್ಟಿ ತಂದೆ. ಚೀಟಿಯಲ್ಲಿ ೩೨೦೦ ಇತ್ತು, ಎಸ್‌ಪಿಡಿಯಲ್ಲೂ ೩೨೦೦ ಇತ್ತು. ಹೊದಿಕೆ ಕೆಂಪಗೆ ಚೆನ್ನಾಗಿತ್ತು. ಬೋರ್ಡಿನಲ್ಲಿ ಅದೇ ವೇಗ ಹಾಕಿದೆ. ಯಂತ್ರ ಹಾಡುತ್ತಾ ಎದ್ದು ನಿಂತಿತು. ಬೆಳ್ಳಗಿರುವುದೆಲ್ಲ ಹಾಲು ಎಂದುಕೊಂಡೆ.

ಆ ವಾರವೇ ನಮ್ಮ ಅಮ್ಮ ಹಾಡಿದ್ದ ಸೋಬಾನೆ ಪದಗಳನ್ನು, ಫೋನಿನಲ್ಲಿ ಹಿಡಿದಿಟ್ಟವನ್ನೆಲ್ಲ, ಕಂಪ್ಯೂಟರಿಗೆ ಇಳಿಸಿ ಜಿಪ್ ಕಡತವಾಗಿ ಕಟ್ಟಿಟ್ಟೆ. ಫೋನಿನಲ್ಲಿ ಜಾಗವಿಲ್ಲವೆಂದು ಅಲ್ಲಿಂದ ಅಳಿಸಿದೆ. ಮೂರು ತಿಂಗಳ ಮೇಲೆ ಅಮ್ಮ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ತಂಗಿ, “ಅಣ್ಣಾ, ಅಮ್ಮನ ಹಾಡು ಹಾಕು” ಅಂದಳು. ಕಡತ ತೆರೆದೆ. ಕೆಲವು ಹಾಡುಗಳು ಬಂದವು. ಐದು ಹಾಡುಗಳು ಬರಲಿಲ್ಲ. ‘ಕಡತ ಕೆಟ್ಟಿದೆ’ ಎಂಬ ಒಂದು ಸಾಲು, ಅಷ್ಟೆ.

ಆ ರಾತ್ರಿ ಮೆಮ್‌ಟೆಸ್ಟ್ ಓಡಿಸಿದೆ. ಹತ್ತು ನಿಮಿಷದೊಳಗೆ ಪರದೆಯ ತುಂಬ ಕೆಂಪು ಸಾಲುಗಳು. ಮರುದಿನ ಹೊದಿಕೆ ಬಿಚ್ಚಿದರೆ ಒಳಗಿದ್ದ ಚಿಪ್ಪುಗಳು ೨೪೦೦ರ ಜಾತಿಯವು. ಅಂಗಡಿಯವನಿಗೆ ಅದು ತಿಳಿದಿತ್ತೋ ಇಲ್ಲವೋ, ನಾನು ವಾದಿಸಲು ಹೋಗಲಿಲ್ಲ. ಪರೀಕ್ಷೆ ಮಾಡದೆ ನಂಬಿದವನು ನಾನು. ಪ್ರತಿ ಇಟ್ಟುಕೊಳ್ಳದೆ ಅಳಿಸಿದವನೂ ನಾನೇ.

ಆ ಮೂರು ತಿಂಗಳಲ್ಲಿ ನನ್ನ ಯಂತ್ರ ಒಂದು ದಿನವೂ ನಿಂತಿರಲಿಲ್ಲ ಎಂಬುದು ಗಮನಿಸತಕ್ಕ ಸಂಗತಿ. ನಿಂತಿದ್ದರೆ ಎಚ್ಚರವಾಗುತ್ತಿತ್ತು. ಮನೆಯ ಕಂಪ್ಯೂಟರಿನ ರ‍್ಯಾಮ್ ಸಾಮಾನ್ಯವಾಗಿ ತನ್ನ ತಪ್ಪನ್ನು ತಾನು ಹೇಳಿಕೊಳ್ಳುವುದಿಲ್ಲ. ತಪ್ಪು ಹಿಡಿದು ತಿದ್ದುವ ಇಸಿಸಿ ಜಾತಿಯದು ಹೆಚ್ಚಾಗಿ ಸರ್ವರುಗಳಲ್ಲಿರುತ್ತದೆ. ಕಟ್ಟೆಯ ಮೇಲೆ ಚೆಲ್ಲಿದ್ದು ಸದ್ದಿಲ್ಲದೆ ಕಪಾಟಿಗೆ ಹೋಗಿ ಕೂರುತ್ತದೆ. ಎದ್ದು ನಿಂತ ಯಂತ್ರವೆಲ್ಲ ಸರಿಯಾದ ಯಂತ್ರವಲ್ಲ.

ಮಾಡುವುದೇ ಆದರೆ ಹೀಗೆ ಮಾಡಿ

ಮೊದಲು, ಬೇಕಾದ ಕಡತಗಳ ಎರಡು ಪ್ರತಿಗಳನ್ನು ಬೇರೆ ಡಿಸ್ಕಿಗೆ ತೆಗೆದಿಡಿ. ತೆಗೆದಿಟ್ಟದ್ದನ್ನು ತೆರೆದೂ ನೋಡಿ. ಇದು ರ‍್ಯಾಮ್ ಇನ್ನೂ ತನ್ನ ಸಾಧಾರಣ ವೇಗದಲ್ಲಿರುವಾಗಲೇ ಆಗಬೇಕಾದ ಕೆಲಸ.

ಎರಡು, ಆ ಸಾಧಾರಣ ವೇಗದಲ್ಲೇ ಮೆಮ್‌ಟೆಸ್ಟ್೮೬ ಅಥವಾ ಮೆಮ್‌ಟೆಸ್ಟ್೮೬+ ಅನ್ನು ಪೆನ್‌ಡ್ರೈವಿನಿಂದ ರಾತ್ರಿಯಿಡೀ ಓಡಿಸಿ. ಇಲ್ಲೇ ತಪ್ಪು ಬಂದರೆ ಪಟ್ಟಿಯೇ ಕೆಟ್ಟದ್ದು, ಬದಲಾಯಿಸಿ.

ಮೂರು, ಬೋರ್ಡು ಒಪ್ಪುತ್ತದೆಯೇ ನೋಡಿ. ಇಂಟೆಲ್‌ನ ಎಚ್೩೧೦, ಬಿ೩೬೦, ಎಚ್೪೧೦ ಬೋರ್ಡುಗಳು ರ‍್ಯಾಮನ್ನು ನಿಗದಿ ಮೀರಿ ಓಡಿಸಲು ಬಿಡುವುದಿಲ್ಲ. ೨೦೨೧ರ ಬಿ೫೬೦ ಬಿಡುತ್ತದೆ. ಎಎಂಡಿಯ ಬಿ೪೫೦ ಕೂಡ ಬಿಡುತ್ತದೆ. ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವು ಬಿಡುವುದಿಲ್ಲ, ಅಲ್ಲಿ ಸೆಣಸಾಡಬೇಡಿ.

ನಾಲ್ಕು, ಬಯೋಸಿನಲ್ಲಿ ಎಕ್ಸ್‌ಎಂಪಿ ಎಂಬ ಗುಂಡಿಯಿದ್ದರೆ ಅದನ್ನು ಮೊದಲು ಪ್ರಯತ್ನಿಸಿ. ತಯಾರಕರೇ ಪರೀಕ್ಷಿಸಿ ಬರೆದಿಟ್ಟ ವೇಗ ಅದು. ಆದರೂ ಇಂಟೆಲ್ ಇದನ್ನೂ ಓವರ್‌ಕ್ಲಾಕ್ ಎಂದೇ ಎಣಿಸುತ್ತದೆ. ಗ್ಯಾರಂಟಿಯ ಷರತ್ತು ಓದಿಕೊಳ್ಳಿ.

ಐದು, ಅದೂ ಇಲ್ಲದ ಪಟ್ಟಿಯಾದರೆ ಮೆಟ್ಟಿಲು ಮೆಟ್ಟಿಲಾಗಿ ಏರಿ: ೨೬೬೬ರಿಂದ ೨೮೦೦, ಅಲ್ಲಿಂದ ೨೯೩೩, ೩೦೬೬, ೩೨೦೦. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಮೆಟ್ಟಿಲಿನ ಅಂಕಿಗಳನ್ನೂ ನೋಟುಬುಕ್ಕಿನಲ್ಲಿ ಬರೆದಿಡಿ.

ಆರು, ವೋಲ್ಟೇಜಿನ ವಿಷಯದಲ್ಲಿ ಧೈರ್ಯ ಬೇಡ. ಡಿಡಿಆರ್೪ಕ್ಕೆ ನಿಗದಿಯಾದದ್ದು ೧.೨ ವೋಲ್ಟ್. ಎಕ್ಸ್‌ಎಂಪಿ ಪಟ್ಟಿಗಳು ಸಾಮಾನ್ಯವಾಗಿ ೧.೩೫ರಲ್ಲಿ ನಡೆಯುತ್ತವೆ. ಅಗ್ಗದ ಪಟ್ಟಿಗೆ ೧.೩೫ನ್ನೇ ಲಕ್ಷ್ಮಣರೇಖೆ ಎಂದು ತಿಳಿಯಿರಿ. ಡಿಡಿಆರ್೫ರ ನಿಗದಿ ೧.೧ ವೋಲ್ಟ್, ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಬಾರದು.

ಏಳು, ವೇಗದ ಅಂಕಿಯೊಂದನ್ನೇ ನೋಡಿ ಹಿಗ್ಗಬೇಡಿ. ‘ಸಿಎಲ್’ ಎಂಬ ಕಾಯುವ ಎಣಿಕೆಯೂ ಇದೆ. ಸಿಎಲ್‌ನ್ನು ೨೦೦೦ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಕಾಯುವ ಕಾಲ ನ್ಯಾನೊಸೆಕೆಂಡಿನಲ್ಲಿ ಬರುತ್ತದೆ. ೩೨೦೦, ಸಿಎಲ್ ೧೬ ಎಂದರೆ ೧೦. ೩೨೦೦, ಸಿಎಲ್ ೨೨ ಎಂದರೆ ೧೩.೭೫, ೨೬೬೬, ಸಿಎಲ್ ೧೯ ಎಂದರೆ ಸುಮಾರು ೧೪.೨೫. ಅಂದರೆ ೩೨೦೦ ಎಂಬ ಒಂದೇ ಚೀಟಿಯ ಕೆಳಗೆ ಎರಡು ಬೇರೆ ಬೇರೆ ಪಟ್ಟಿಗಳು ಇರಬಹುದು.

ಎಂಟು, ಪ್ರತಿ ಮೆಟ್ಟಿಲಿನಲ್ಲೂ ಪರೀಕ್ಷೆ ಓಡಿಸಿ. ನಿಲ್ಲುವ ಮೆಟ್ಟಿಲಿನಲ್ಲಿ ರಾತ್ರಿಯಿಡೀ ಓಡಿಸಿ. ಒಂದೇ ಒಂದು ತಪ್ಪು ಬಂದರೂ ತಪ್ಪೇ. ತಪ್ಪಿಲ್ಲದೆ ಪಾಸಾದ ಕೊನೆಯ ಮೆಟ್ಟಿಲಿನಿಂದಲೂ ಒಂದು ಮೆಟ್ಟಿಲು ಇಳಿದು ನಿಲ್ಲಿ. ಜನವರಿಯ ತಂಪಿನಲ್ಲಿ ಪಾಸಾದ ಪಟ್ಟಿ ನಮ್ಮ ಮೇ ತಿಂಗಳ ಮಧ್ಯಾಹ್ನ, ಪತ್ರಾಸಿನ ಸೂರಿನ ಕೆಳಗೆ, ಫೇಲಾಗಬಹುದು. ಸೋರುವ ಬಿಂದಿಗೆಯ ಮಾತು ನೆನಪಿದೆಯಷ್ಟೆ? ಬೇಸಗೆಯಲ್ಲಿ ಮತ್ತೊಮ್ಮೆ ಪರೀಕ್ಷಿಸಿ.

ಯಂತ್ರ ಏಳದೆ ಪರದೆ ಕಪ್ಪಾಗಿ ನಿಂತರೆ ಗಾಬರಿ ಬೇಡ. ಪ್ಲಗ್ಗು ಕಿತ್ತು, ಬೋರ್ಡಿನ ಮೇಲಿರುವ ನಾಣ್ಯದಂಥ ಸಿಆರ್೨೦೩೨ ಸೆಲ್ಲನ್ನು ಕೆಲವು ನಿಮಿಷ ತೆಗೆದಿಟ್ಟು ಮತ್ತೆ ಹಾಕಿದರೆ ಹೆಚ್ಚಿನ ಬೋರ್ಡುಗಳು ಹಳೆಯ ಲೆಕ್ಕಕ್ಕೆ ಹಿಂದಿರುಗುತ್ತವೆ.

ಇಷ್ಟೆಲ್ಲ ಮಾಡಿದರೆ ಸಿಗುವುದೇನು?

ಕಾಗದ ಬೆರಳಚ್ಚು ಮಾಡುವವರಿಗೆ, ಲೆಕ್ಕ ಬರೆಯುವವರಿಗೆ, ಸಿನೆಮಾ ನೋಡುವವರಿಗೆ ಹೆಚ್ಚೇನೂ ಸಿಗುವುದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲದೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸಿನಲ್ಲೇ ಆಟವಾಡುವವರಿಗೆ, ಚಿತ್ರ ಬಿಡಿಸುವವರಿಗೆ ಲಾಭ ಕಣ್ಣಿಗೆ ಕಾಣುತ್ತದೆ. ಏಕೆಂದರೆ ಅಂಥ ಗ್ರಾಫಿಕ್ಸು ಇದೇ ರ‍್ಯಾಮಿನಿಂದ ಹಂಚಿ ತಿನ್ನುತ್ತದೆ. ನಿಮ್ಮ ಮನೆಯ ಕೆಲಸ ಯಾವುದೆಂದು ನೀವೇ ತೂಗಿ ನೋಡಿ.

ಇನ್ನು ವಿಠ್ಠಲವಾಡಿಯ ಹಿರಿಯರಿಗೆ ಉತ್ತರ. ಸ್ವಾಮೀ, ಮಗನಿಗೆ ಬೇಡ ಅನ್ನಬೇಡಿ. ಬೇಡವೆಂದರೆ ನೀವು ಮಲಗಿದ ಮೇಲೆ ಮಾಡುತ್ತಾನೆ, ಪರೀಕ್ಷೆ ಮಾಡದೆಯೂ ಮಾಡುತ್ತಾನೆ. ಹೂಂ ಅನ್ನಿ, ಆದರೆ ಮೂರು ಷರತ್ತು ಹಾಕಿ. ಪಟ್ಟಿಯ ಮೂರು ಸಾಕ್ಷಿಗಳನ್ನೂ ನಿಮ್ಮೆದುರಿಗೆ ಓದಿ ಹೇಳಲಿ. ಅಜ್ಜಿಯ ಫೋಟೋಗಳೂ ಜಮೀನಿನ ಕಾಗದಗಳೂ ಮೊದಲು ಎರಡು ಕಡೆ ಭದ್ರವಾಗಲಿ. ರಾತ್ರಿಯ ಪರೀಕ್ಷೆಯ ಫಲವನ್ನು ಬೆಳಗ್ಗೆ ನಿಮಗೆ ತೋರಿಸಿದ ಮೇಲೆಯೇ ಆ ವೇಗ ಉಳಿಯಲಿ. ಇಷ್ಟು ತಾಳ್ಮೆ ಕಲಿತ ಹುಡುಗನಿಗೆ ಓವರ್‌ಕ್ಲಾಕಿನಿಂದ ಸಿಗುವ ವೇಗಕ್ಕಿಂತ ದೊಡ್ಡ ಲಾಭ ಸಿಕ್ಕಂತೆಯೇ ಸರಿ.

ನನ್ನ ಮಟ್ಟಿಗೆ ಹೇಳುವುದಾದರೆ, ನನ್ನ ಯಂತ್ರ ಈಗ ೨೪೦೦ರಲ್ಲೇ ಓಡುತ್ತಿದೆ. ಅಮ್ಮನ ಉಳಿದ ಹಾಡುಗಳು ಮೂರು ಮನೆಗಳಲ್ಲಿವೆ: ನನ್ನಲ್ಲಿ, ತಂಗಿಯಲ್ಲಿ, ಊರಿನ ಚಿಕ್ಕಪ್ಪನಲ್ಲಿ. ಕಳೆದುಹೋದ ಐದರಲ್ಲಿ ಎರಡನ್ನು ಊರಿನ ದೊಡ್ಡಮ್ಮ ನೆನಪಿನಿಂದಲೇ ಹಾಡಿ ಕಳಿಸಿದ್ದಾರೆ. ಉಳಿದ ಮೂರು ಯಾರಿಗೂ ಬರುವುದಿಲ್ಲ.

ನಿಮ್ಮ ಪ್ರಶ್ನೆಗಳನ್ನು ಸಂಘದ ಕಛೇರಿಯ ವಿಳಾಸಕ್ಕೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.

ನಿಮ್ಮ,
ಯಂತ್ರಮಿತ್ರ